ಎತ್ತುವ ಮೊದಲು ತಟ್ಟಿ ನೋಡಿ: ಹಳೆಯ ಎಂಜಿಬಿ ಕಾರಿನ ಅಡಿಯಲ್ಲಿ ಕೆಲಸ ಮಾಡುವ ಕ್ರಮ

ಎಂಜಿಬಿ ಕಾರಿನ ಬಾಗಿಲು ತೆರೆದರೆ ಮನೆಯ ಹೊಸ್ತಿಲಿನ ಹಾಗೆ ಕಾಲಿಗೆ ಅಡ್ಡ ಬರುವ ಉದ್ದನೆಯ ಉಕ್ಕಿನ ಪೆಟ್ಟಿಗೆಯೊಂದಿದೆ. ಗ್ಯಾರೇಜಿನವರು ಅದನ್ನು ಸಿಲ್ ಎನ್ನುತ್ತಾರೆ. ಕಾರಿನ ಜೊತೆ ಬಂದ ಜಾಕನ್ನು ಕೊಡಬೇಕೆಂದು ಕಾರ್ಖಾನೆಯವರು ಗೊತ್ತುಮಾಡಿದ ಜಾಗ ಇರುವುದು ಈ ಸಿಲ್‌ನ ಬುಡದಲ್ಲಿ. ಈ ಕಾರಿಗೆ ಮೊದಲು ತುಕ್ಕು ಹಿಡಿಯುವ ಜಾಗವೂ ಅದೇ. ಅರ್ಧ ಶತಮಾನ ಕಂಡ ಸ್ಪೋರ್ಟ್ಸ್ ಕಾರಿನ ಅಡಿಗೆ ಹೋಗಿ ದುರಸ್ತಿ ಮಾಡುವವರ ಮುಖ್ಯ ತೊಡಕು ಇಲ್ಲಿದೆ. ಅಡಿಭಾಗ ಗಟ್ಟಿಯಾಗಿದೆಯೇ ಎಂದು ನೋಡಲು ಕಾರನ್ನು ಎತ್ತಬೇಕು, ಎತ್ತಬೇಕಾದರೆ ಅಡಿಭಾಗ ಗಟ್ಟಿಯಾಗಿದೆ ಎಂಬ ಭರವಸೆ ಮೊದಲೇ ಇರಬೇಕು. ಈ ಸುಳಿಯಿಂದ ಹೊರಬರುವ ದಾರಿಯೆಂದರೆ, ಪರೀಕ್ಷೆಯ ಬಹುಪಾಲನ್ನು ನಾಲ್ಕೂ ಗಾಲಿಗಳು ನೆಲದ ಮೇಲಿರುವಾಗಲೇ ಮುಗಿಸಿಕೊಳ್ಳುವುದು ಮತ್ತು ಮೊದಲ ಸಲ ಎತ್ತುವುದನ್ನೇ ಒಂದು ಪರೀಕ್ಷೆಯೆಂದು ತಿಳಿಯುವುದು.

ಎಂಜಿಬಿ 1962ರಲ್ಲಿ ಬಂದು, 1980ರ ಅಕ್ಟೋಬರ್‌ವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ತೆರೆದ ಮಾದರಿ ಮತ್ತು 1965ರಲ್ಲಿ ಬಂದ, ಮಾಡುಳ್ಳ ಜಿಟಿ ಮಾದರಿ ಎರಡನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಇಂದು ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುವ ಎಂಜಿ ಕಾರುಗಳಿಗೂ ಇದಕ್ಕೂ ಹೆಸರು ಮತ್ತು ಲಾಂಛನದ ನಂಟು ಬಿಟ್ಟರೆ ಬೇರೇನೂ ಇಲ್ಲ. ನಿಜವಾದ ನಂಟು ಇರುವುದು ನಮ್ಮ ಹಳೆಯ ಅಂಬಾಸಿಡರ್ ಜೊತೆಗೆ: ಎಂಜಿಬಿಯ 1798 ಸಿಸಿ ಎಂಜಿನ್ನೂ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಅಂಬಾಸಿಡರ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್‌ಗೆ ಎಂಜಿಬಿಯ ಬಾನೆಟ್ ಎತ್ತಿದರೆ ಪರಿಚಿತ ಮುಖ ಕಂಡಂತಾಗುತ್ತದೆ. ಕಾರಿನ ಅಡಿಭಾಗದ ಕಥೆ ಮಾತ್ರ ಬೇರೆಯೇ ಆಗಿದೆ.

ಇದಕ್ಕೂ ಹಿಂದಿನ ಎಂಜಿಎ ಮಾದರಿಯಲ್ಲಿ ಲಾರಿಗಳಲ್ಲಿ ಇರುವಂತೆ ಪ್ರತ್ಯೇಕ ಚಾಸಿ ಇತ್ತು. ದೇಹವನ್ನು ಅದರ ಮೇಲೆ ಕೂರಿಸಿ ಬೋಲ್ಟ್ ಹಾಕಲಾಗುತ್ತಿತ್ತು. ಎಂಜಿಬಿಯಲ್ಲಿ ಆ ಚಾಸಿಯನ್ನು ತೆಗೆದುಹಾಕಿ, ತಗಡನ್ನು ಮಡಿಸಿ ಬೆಸೆದ ದೇಹವೇ ಭಾರ ಹೊರುವಂತೆ ಮಾಡಿದರು. ಮಾಡು ಇರುವ ಕಾರಿನಲ್ಲಿ ಈ ಹೊರೆ ಮಾಡು, ಕಂಬ, ನೆಲ ಎಂದು ನಾಲ್ಕು ಕಡೆ ಹಂಚಿಹೋಗುತ್ತದೆ. ತೆರೆದ ಕಾರಿಗೆ ಮಾಡೇ ಇಲ್ಲದ್ದರಿಂದ, ಮುಂದಿನ ಗಾಲಿಗಳ ಭಾಗವನ್ನೂ ಹಿಂದಿನ ಗಾಲಿಗಳ ಭಾಗವನ್ನೂ ಒಂದಕ್ಕೊಂದು ಹಿಡಿದಿಡುವ ಕೆಲಸ ಮುಖ್ಯವಾಗಿ ಎರಡು ಸಿಲ್‌ಗಳ ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗದ ಪಾಲಿಗೆ ಬರುತ್ತದೆ. ಆದ್ದರಿಂದಲೇ ಸಿಲ್ ಒಂದೇ ಹಾಳೆಯದಲ್ಲ. ಹೊರಗೆ ಕಾಣುವ ತಗಡು, ಒಳಗಿನ ತಗಡು, ಎರಡರ ನಡುವೆ ನಿಂತ ಪೊರೆಯಂಥ ಮೂರನೆಯ ತಗಡು, ಮತ್ತು ಇವೆಲ್ಲ ಬಂದು ಕೂರುವ, ಕೋಟೆಯ ತೆನೆಗಳಂತೆ ಏರಿಳಿತವಿರುವ ತಳಪಟ್ಟಿ. ಆ ಆಕಾರದಿಂದಾಗಿಯೇ ಆ ಪಟ್ಟಿಗೆ ಕ್ಯಾಸಲ್ ರೈಲ್ ಎಂಬ ಹೆಸರು ಬಂದಿದೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳ ಮೇಲೆ ಹಿಮ ಕರಗಿಸಲು ಎರಚುವ ಉಪ್ಪು ಕೆಸರಿನೊಂದಿಗೆ ಸೇರಿ ಈ ಪೆಟ್ಟಿಗೆಯ ಒಳಗೆ ನಿಲ್ಲುತ್ತದೆ, ನೀರು ಬಸಿಯುವ ಕಿಂಡಿಗಳು ಕಟ್ಟಿಕೊಳ್ಳುತ್ತವೆ, ಮತ್ತು ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಪೊರೆ ಅರ್ಧ ಪುಡಿಯಾಗಿರುವುದುಂಟು. ಮಂಗಳೂರಿನ ಕಡಲಗಾಳಿಯಲ್ಲಿ ಕಾರು ಇಟ್ಟುಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬ್ರಿಟನ್ನಿನಲ್ಲಿ ವಾಹನಗಳಿಗೆ ವರ್ಷಕ್ಕೊಮ್ಮೆ ಎಂಒಟಿ ಎಂಬ ಸುಸ್ಥಿತಿ ಪರೀಕ್ಷೆ ಕಡ್ಡಾಯ. ಆದರೆ 2018ರ ಮೇ 20ರಿಂದ, ನಲವತ್ತು ವರ್ಷ ದಾಟಿದ ಮತ್ತು ಮೂಲ ಸ್ವರೂಪದಲ್ಲಿ ಗಣನೀಯ ಬದಲಾವಣೆ ಮಾಡದ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿದೆ. ಕೊನೆಯ ಎಂಜಿಬಿ ತಯಾರಾದದ್ದೇ 1980ರಲ್ಲಿ. ಅಂದರೆ ಈಗ, ಹಾಗೆ ಬದಲಾಯಿಸದ ಯಾವ ಎಂಜಿಬಿಯನ್ನೂ ವರ್ಷಕ್ಕೊಮ್ಮೆ ಎತ್ತಿ, ದೀಪ ಹಿಡಿದು, ತುಕ್ಕು ಕೆದಕಿ ನೋಡುವ ಹೊರಗಿನವರು ಇರಲೇಬೇಕೆಂಬ ನಿಯಮವಿಲ್ಲ. ನೋಡುವ ಹೊಣೆ ಪೂರ್ತಿಯಾಗಿ ಮಾಲೀಕರ ಮೇಲೆ ಬಿದ್ದಿದೆ. ವಿನಾಯಿತಿ ಇದ್ದರೂ ಸ್ವಂತ ಇಚ್ಛೆಯಿಂದ ಪರೀಕ್ಷೆ ಮಾಡಿಸುವುದಕ್ಕೆ ಅಡ್ಡಿಯಿಲ್ಲ, ಮತ್ತು ಅದು ಜಾಣತನ ಎಂಬುದು ನನ್ನ ಅಭಿಪ್ರಾಯ.

ನೆಲದ ಮೇಲಿನ ಪರೀಕ್ಷೆಯನ್ನು ಬಾಗಿಲಿನಿಂದ ಆರಂಭಿಸಬೇಕು. ಬಾಗಿಲಿನ ಹಿಂದಿನ ಅಂಚಿಗೂ ಹಿಂದಿನ ರೆಕ್ಕೆಯ, ಅಂದರೆ ಗಾಲಿಯನ್ನು ಮುಚ್ಚುವ ಹೊರಮೈಯ, ತಗಡಿಗೂ ನಡುವೆ ಇರುವ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಕಾರಿನ ನಡು ಜಗ್ಗಿದೆ ಎಂದರ್ಥ: ಎರಡು ತುದಿಗಳಲ್ಲಿ ಗಾಲಿಗಳ ಆಸರೆ ಪಡೆದು ನಡುವೆ ಕೆಳಗೆ ಬಾಗಿದ ಹಲಗೆಯಂತೆ, ಬಾಗಿಲಿನ ಕಂಡಿಯ ಮೇಲಿನ ಅಂಚುಗಳು ಹತ್ತಿರ ಬಂದಿರುತ್ತವೆ. ಬಾಗಿಲು ಮುಚ್ಚುವಾಗ ಬೀಗದ ಕಡೆ ತುಸು ಎತ್ತಿ ಮುಚ್ಚಬೇಕಾದರೆ ಅದು ಕೀಲಿನ ಸವಕಳಿಯೂ ಆಗಿರಬಹುದು. ಆದ್ದರಿಂದ ಬಾಗಿಲನ್ನು ಅರ್ಧ ತೆರೆದು ಮೇಲೆ ಕೆಳಗೆ ಅಲ್ಲಾಡಿಸಿ, ಕೀಲು ಆಡುತ್ತಿದೆಯೇ ಎಂದು ಬೇರೆಯಾಗಿ ನೋಡಿಕೊಳ್ಳಬೇಕು.

ಆಮೇಲೆ ಅಯಸ್ಕಾಂತ. ತೂತು ಮುಚ್ಚಲು ಮೆತ್ತುವ ಪುಟ್ಟಿಯ ಮೇಲೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಸಾಧಾರಣ ಅಯಸ್ಕಾಂತ ತೆಳುವಾದ ಪುಟ್ಟಿಯನ್ನು ದಾಟಿಯೂ ಎಳೆಯುತ್ತದೆ. ಹಾಗಾಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ದುರ್ಬಲ ಅಯಸ್ಕಾಂತವನ್ನೇ ತೆಗೆದುಕೊಂಡು, ತೆಳುಬಟ್ಟೆ ಸುತ್ತಿ, ಸಿಲ್‌ನ ಉದ್ದಕ್ಕೂ ಗೇಣಿಗೊಂದು ಸಲ ಇಟ್ಟು ತೆಗೆಯುತ್ತಾ ಹೋಗಬೇಕು. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ಗಟ್ಟಿ ಉಕ್ಕು ಖಣಿ ಎನ್ನುತ್ತದೆ, ತುಕ್ಕಿನ ಪದರ ಕಟ್ಟಿದ ಉಕ್ಕು ತೊಪ್ ಎನ್ನುತ್ತದೆ. ತೆಂಗಿನಕಾಯಿ ತಟ್ಟಿ ಕೊಳ್ಳುವ ಕಿವಿ ಇದ್ದವರಿಗೆ ಈ ವ್ಯತ್ಯಾಸ ಒಂದು ಸುತ್ತಿನಲ್ಲೇ ತಿಳಿಯುತ್ತದೆ.

ಎಂಜಿಬಿಯ ಹೊರ ಸಿಲ್ ಬಾಗಿಲಿನ ಉದ್ದಕ್ಕೆ ಮಾತ್ರ ಇರುವುದಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಅದು ಮುಂದಿನ ರೆಕ್ಕೆಯ ಬುಡದ ಒಳಗೂ ಹಿಂದಿನ ರೆಕ್ಕೆಯ ಬುಡದ ಒಳಗೂ ಮುಂದುವರಿಯುತ್ತದೆ. ಅದನ್ನು ಸರಿಯಾಗಿ ಬದಲಾಯಿಸಬೇಕಾದರೆ ರೆಕ್ಕೆಗಳ ಬುಡವನ್ನೂ ಕತ್ತರಿಸಿ ಮತ್ತೆ ಬೆಸೆಯಬೇಕು. ಅಷ್ಟು ಶ್ರಮ ಬೇಡವೆನಿಸಿದ ಟಿಂಕರಿಂಗ್ ಕೆಲಸದವರು ಕಾಣುವಷ್ಟು ಉದ್ದಕ್ಕೆ ಮಾತ್ರ ಹೊಸ ತಗಡು ಹಚ್ಚುತ್ತಾರೆ. ಇನ್ನೂ ಕೆಲವರು ಹಳೆಯ ಸಿಲ್‌ನ ಮೇಲೆಯೇ ಮುಸುಕಿನಂತೆ ಇನ್ನೊಂದು ಸಿಲ್ ಹೊದಿಸಿ ಬಣ್ಣ ಹೊಡೆಯುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಹೊಸದರಂತೆ ಹೊಳೆಯುತ್ತವೆ. ಆದ್ದರಿಂದ ಕಾರಿನ ಒಳಗಿನ ಹಾಸನ್ನು ಎತ್ತಿ, ಒಳ ಸಿಲ್ ನೆಲಕ್ಕೆ ಸೇರುವ ಮೂಲೆಯನ್ನು ಮೊನಚಾದ ದಬ್ಬಳದಿಂದ ಒತ್ತಿ ನೋಡದೆ ಪರೀಕ್ಷೆ ಮುಗಿಯುವುದಿಲ್ಲ. ದಬ್ಬಳ ಒಳಹೋದರೆ ಬೇಸರ ಬೇಡ. ತೂತು ನೀವು ಮಾಡಿದ್ದಲ್ಲ, ಮೊದಲೇ ಇದ್ದದ್ದನ್ನು ಕಂಡುಹಿಡಿದಿದ್ದೀರಿ.

ಸೀಟುಗಳ ಹಿಂದೆ, ಹಾಸಿನ ಅಡಿಯಲ್ಲಿ, ಬ್ಯಾಟರಿಯ ಗುಂಡಿಗಳಿವೆ. 1974ರವರೆಗಿನ ಕಾರುಗಳಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು, ಆಮೇಲಿನವುಗಳಲ್ಲಿ ಹನ್ನೆರಡು ವೋಲ್ಟಿನ ಒಂದೇ ಬ್ಯಾಟರಿ. ಚೆಲ್ಲಿದ ಆಮ್ಲ ದಶಕಗಳ ಕಾಲ ಕೆಳಗಿನ ತೊಟ್ಟಿಲನ್ನೂ ಅದರ ಸುತ್ತಲಿನ ತಗಡನ್ನೂ ತಿಂದಿರುತ್ತದೆ. ಹಿಂದಿನ ಆಕ್ಸಲ್ ನಿಂತಿರುವುದು ಲೀಫ್ ಸ್ಪ್ರಿಂಗ್ ಮೇಲೆ, ನಮ್ಮ ಲಾರಿ ಗ್ಯಾರೇಜುಗಳ ಭಾಷೆಯಲ್ಲಿ ಕಮಾನು ಪಟ್ಟಿಯ ಮೇಲೆ. ಆ ಪಟ್ಟಿಯ ಮುಂದಿನ ತುದಿ ದೇಹಕ್ಕೆ ಸಿಕ್ಕಿಕೊಳ್ಳುವ ಜಾಗವೂ ಈ ಗುಂಡಿಗಳ ಆಸುಪಾಸಿನಲ್ಲೇ, ಸಿಲ್ ಮುಗಿಯುವ ಕಡೆ ಇದೆ. ಅಲ್ಲಿ ತುಕ್ಕು ಕಂಡರೆ ಕಾರನ್ನು ಎತ್ತುವ ಮಾತು ಹಾಗಿರಲಿ, ಓಡಿಸುವ ಮಾತನ್ನೂ ಬದಿಗಿಡಬೇಕು.

ಇಷ್ಟು ನೋಡಿದ ಮೇಲೆ ಎತ್ತುವ ವಿಚಾರ. ತೆರೆದ ಎಂಜಿಬಿಯ ತೂಕ ಸುಮಾರು 950 ಕಿಲೋ. ಅದು ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದೆ. ಮುಂಭಾಗವನ್ನು ಎತ್ತಿದಾಗ ಜಾಕಿನ ಮೇಲೆ ಬೀಳುವುದು ಐನೂರು ಕಿಲೋದ ಒಳಗೆ, ಎತ್ತಿದ ಕಾರನ್ನು ಹಿಡಿದಿಡುವ ಎರಡು ಸ್ಟ್ಯಾಂಡ್ ಇಟ್ಟಾಗ ಒಂದೊಂದರ ಮೇಲೆ ಬೀಳುವುದು ಇನ್ನೂರೈವತ್ತರ ಆಸುಪಾಸು. ಎರಡು ಟನ್ ಎಂದು ಬರೆದಿರುವ ಯಾವ ಸ್ಟ್ಯಾಂಡಿಗೂ ಇದು ದೊಡ್ಡ ಹೊರೆಯಲ್ಲ. ಹಾಗಿದ್ದೂ ಅಪಘಾತಗಳು ಆಗುತ್ತವೆ, ಏಕೆಂದರೆ ಕಾರು ಬೀಳುವುದು ಸಾಮಾನ್ಯವಾಗಿ ಸ್ಟ್ಯಾಂಡು ಭಾರ ತಾಳದೆ ಅಲ್ಲ. ನೆಲ ಕುಸಿದು, ಕಾರು ಜಾರಿ, ಅಥವಾ ಸ್ಟ್ಯಾಂಡಿನ ತಲೆಯ ಮೇಲಿದ್ದ ತಗಡೇ ಒಳಗೆ ಮಡಚಿಕೊಂಡು. ಡಬ್ಬದ ಮೇಲಿನ ಟನ್ನಿನ ಅಂಕಿ ಕೊಡುವ ಧೈರ್ಯ ಈ ಮೂರಕ್ಕೂ ಸಂಬಂಧಿಸಿದ್ದಲ್ಲ.

ಸ್ಟ್ಯಾಂಡುಗಳ ಬಗ್ಗೆಯೂ ಒಂದು ಮಾತು. 2020ರಲ್ಲಿ ಅಮೆರಿಕದಲ್ಲಿ ಒಂದೇ ಮಳಿಗೆ ಸರಣಿ ಮಾರಿದ್ದ ಹದಿನೇಳು ಲಕ್ಷದಷ್ಟು ಸ್ಟ್ಯಾಂಡುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಎತ್ತರ ಹಿಡಿದಿಡುವ ಹಲ್ಲುಕಂಬಕ್ಕೂ ಕೊಕ್ಕೆಗೂ ಸರಿಯಾದ ಕಚ್ಚು ಬೀಳದೆ, ಭಾರ ಬಿದ್ದಾಗ ಕುಸಿಯುವ ಸಾಧ್ಯತೆ ಇತ್ತು. ಬದಲಿಗೆ ಕೊಟ್ಟವುಗಳಲ್ಲಿ ಕೆಲವನ್ನು ಬೆಸುಗೆಯ ದೋಷಕ್ಕಾಗಿ ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಹಲ್ಲುಕಂಬದ ಸ್ಟ್ಯಾಂಡ್ ಕೆಟ್ಟದ್ದೆಂದಲ್ಲ. ಆದರೆ ತೂತುಗಳಿರುವ ಕೊಳವೆಗೆ ದಪ್ಪ ಪಿನ್ನು ತೂರಿಸುವ ಮಾದರಿಯಲ್ಲಿ, ಪಿನ್ನು ಪೂರ್ತಿ ಆಚೆ ಬಂದಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ನಾನು ಅದನ್ನೇ ಮೆಚ್ಚುತ್ತೇನೆ. ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕು ಇವುಗಳ ಮೇಲೆ ಕಾರು ನಿಲ್ಲಿಸುವ ಅಭ್ಯಾಸ ನಮ್ಮಲ್ಲೂ ಇಂಗ್ಲೆಂಡಿನಲ್ಲೂ ಇದೆ. ಮರ ಮುರಿಯುವ ಮುನ್ನ ಕಿರುಗುಟ್ಟುತ್ತದೆ, ಉಕ್ಕು ಬಾಗುತ್ತದೆ. ಟೊಳ್ಳು ಬ್ಲಾಕು ಯಾವ ಸೂಚನೆಯನ್ನೂ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ಅದನ್ನು ಬಳಸಲೇಬಾರದು.

ಟ್ರಾಲಿ ಜಾಕು ಎತ್ತುವ ಸಾಧನವೇ ಹೊರತು ಹಿಡಿದಿಡುವ ಸಾಧನವಲ್ಲ. ಒಳಗಿನ ಎಣ್ಣೆಯನ್ನು ತಡೆದಿರುವುದು ಒಂದು ರಬ್ಬರ್ ಬಳೆ; ಅದು ಯಾವಾಗ ಸೋರತೊಡಗುತ್ತದೆ ಎಂದು ಹೇಳಲಾಗದು. ಅದರ ಚಲನೆಯಲ್ಲೂ ಒಂದು ಸೂಕ್ಷ್ಮವಿದೆ. ಜಾಕಿನ ತಲೆ ನೇರವಾಗಿ ಮೇಲಕ್ಕೆ ಹೋಗುವುದಿಲ್ಲ, ಕಮಾನಿನಂತೆ ಬಾಗಿದ ದಾರಿಯಲ್ಲಿ ಏರುತ್ತದೆ. ಹೀಗೆ ಏರುವಾಗ ಒಂದೋ ಕಾರು ತುಸು ಉರುಳಬೇಕು, ಇಲ್ಲವೇ ಜಾಕು ತನ್ನ ಪುಟ್ಟ ಗಾಲಿಗಳ ಮೇಲೆ ತುಸು ಸರಿಯಬೇಕು. ಕಾರಿನ ಗಾಲಿಗಳಿಗೆ ಅಡೆ ಕೊಟ್ಟಿರುವುದರಿಂದ ಸರಿಯಬೇಕಾದ್ದು ಜಾಕೇ. ಜಲ್ಲಿ ಹಾಸಿದ ಅಂಗಳದಲ್ಲಿ, ಬಿರುಕು ಬಿಟ್ಟ ನೆಲದಲ್ಲಿ, ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ ಅದರ ಗಾಲಿ ಸಿಕ್ಕಿಬಿದ್ದರೆ, ಜಾಕಿನ ತಲೆ ಕಾರಿನ ಅಡಿಯಲ್ಲಿ ಜಾರತೊಡಗುತ್ತದೆ. ಗಟ್ಟಿಯಾದ, ಸಮತಟ್ಟಾದ ನೆಲ ಬೇಕು ಎನ್ನುವುದರ ಹಿಂದಿನ ಕಾರಣ ಇದು.

ಹ್ಯಾಂಡ್‌ಬ್ರೇಕ್ ಬಗ್ಗೆಯೂ ಹೀಗೇ ಕಾರಣ ಸಮೇತ ತಿಳಿದಿರಬೇಕು. ಎಂಜಿಬಿಯಲ್ಲಿ ಅದು ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಮುಂಭಾಗ ಎತ್ತುವಾಗ ಅದು ಉಪಯುಕ್ತ. ಹಿಂಭಾಗ ಎತ್ತಿದ ಕ್ಷಣ ನಿಷ್ಪ್ರಯೋಜಕ, ಏಕೆಂದರೆ ನೆಲದ ಮೇಲಿರುವುದು ಬ್ರೇಕಿಲ್ಲದ ಮುಂದಿನ ಗಾಲಿಗಳು. ಕಾರನ್ನು ಗೇರಿನಲ್ಲಿ ಇಟ್ಟಿದ್ದೇನೆ ಎಂಬ ಸಮಾಧಾನವೂ ಪೊಳ್ಳು: ಒಂದು ಹಿಂದಿನ ಗಾಲಿ ಗಾಳಿಯಲ್ಲಿದ್ದರೆ, ಎಂಜಿನ್ನಿನ ಬಲವನ್ನು ಎರಡು ಹಿಂದಿನ ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ ಅದನ್ನು ಹಿಂದುಮುಂದಾಗಿ ತಿರುಗಿಸಿ ಇನ್ನೊಂದನ್ನು ಉರುಳಲು ಬಿಡುತ್ತದೆ. ಗೇರ್‌ಬಾಕ್ಸನ್ನು ಹಿಂದಿನ ಆಕ್ಸಲ್‌ಗೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ದರಂತೂ ಗೇರಿಗೂ ಗಾಲಿಗೂ ಸಂಬಂಧವೇ ಇಲ್ಲ. ಆದ್ದರಿಂದ ನೆಲದ ಮೇಲೆ ಉಳಿಯುವ ಎರಡೂ ಗಾಲಿಗಳಿಗೆ, ಹಿಂದೆಯೂ ಮುಂದೆಯೂ, ಮರದ ಅಡೆ ಕೊಡಬೇಕು. ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಕಲ್ಲು ಹಿಡಿದು ಇಳಿಯುತ್ತಾನಲ್ಲ, ಅದೇ ಬುದ್ಧಿ.

ಈಗ ಮುಖ್ಯ ಪ್ರಶ್ನೆ: ಜಾಕು ಎಲ್ಲಿ ಕೊಡಬೇಕು? ಕಾರು ರಸ್ತೆಯ ಮೇಲೆ ಯಾವ ಭಾಗಗಳ ಮೂಲಕ ತನ್ನ ಭಾರವನ್ನು ಗಾಲಿಗಳಿಗೆ ದಾಟಿಸುತ್ತದೆಯೋ ಆ ಭಾಗಗಳಿಗೇ ಕೊಡಬೇಕು. ಐವತ್ತು ವರ್ಷ ಹೊತ್ತ ಭಾರವನ್ನು ಅವು ಇನ್ನೊಂದು ಮಧ್ಯಾಹ್ನ ಹೊರುತ್ತವೆ. ಮುಂದುಗಡೆ ಎರಡು ಗಾಲಿಗಳ ನಡುವೆ, ಸಸ್ಪೆನ್ಷನ್ನನ್ನು ಹೊತ್ತಿರುವ ದಪ್ಪನೆಯ ಅಡ್ಡತೊಲೆಯಿದೆ. ಅದರ ಮಧ್ಯಕ್ಕೆ, ನಡುವೆ ಮರದ ತುಂಡಿಟ್ಟು, ಜಾಕು ಕೊಡಬೇಕು. ಅದರ ಹಿಂದೆ ಕಾಣುವ ಎಂಜಿನ್ ಸಂಪು ಎಷ್ಟೇ ಅನುಕೂಲವಾಗಿ ಕಂಡರೂ ಅದು ಎಣ್ಣೆಯ ಬಟ್ಟಲು ಅಷ್ಟೇ, ಭಾರಕ್ಕೆ ಮಾಡಿದ್ದಲ್ಲ. ಹಿಂದುಗಡೆ ಡಿಫರೆನ್ಷಿಯಲ್‌ನ ಗಟ್ಟಿ ಮೈಗೆ ಕೊಡಬೇಕು. ನಂತರದ ಕೊಳವೆ ಮಾದರಿಯ ಆಕ್ಸಲ್ ಇರುವ ಕಾರುಗಳಲ್ಲಿ ಅದರ ಹಿಂಬದಿಯ ಮುಚ್ಚಳ ತೆಳು ತಗಡಿನದು, ಜಾಕಿನ ತಲೆ ಅದಕ್ಕೆ ತಾಗಬಾರದು. 1974ರ ಕೊನೆಯಿಂದ ಬಂದ ರಬ್ಬರ್ ಬಂಪರಿನ ಕಾರುಗಳನ್ನು ಅಮೆರಿಕದ ನಿಯಮಗಳಿಗೆ ಹೊಂದಿಸಲು ಒಂದೂವರೆ ಇಂಚು ಎತ್ತರಿಸಿದ್ದರು. ಅದಕ್ಕೂ ಹಿಂದಿನ ಕ್ರೋಮ್ ಬಂಪರಿನ ಕಾರುಗಳ ಅಡಿಗೆ ಸಾಮಾನ್ಯ ಜಾಕು ತೂರುವುದೇ ಕಷ್ಟ, ಮೈ ತಗ್ಗಾಗಿರುವ ಜಾಕು ಬೇಕಾಗುತ್ತದೆ.

ಸ್ಟ್ಯಾಂಡುಗಳನ್ನು ಹಿಂದೆ ಆಕ್ಸಲ್ ಕೊಳವೆಯ ಅಡಿಗೆ, ಕಮಾನು ಪಟ್ಟಿಯ ಹತ್ತಿರ ಇಟ್ಟರೆ, ಕಾರು ತನ್ನದೇ ಸ್ಪ್ರಿಂಗ್‌ಗಳ ಮೇಲೆ ನಿಂತಂತಾಗುತ್ತದೆ. ಆಕ್ಸಲ್ ಮೇಲೆ ಹರಿದಿರುವ ಬ್ರೇಕ್ ಕೊಳವೆ ಸ್ಟ್ಯಾಂಡಿನ ತಲೆಗೆ ಸಿಕ್ಕಿ ಚಪ್ಪಟೆಯಾಗದಂತೆ ಬೆರಳಾಡಿಸಿ ನೋಡಿಕೊಳ್ಳಬೇಕು. ಮುಂದೆ, ಅಡ್ಡತೊಲೆಯ ಹಿಂದೆ ದೇಹಕ್ಕೇ ಬೆಸೆದಿರುವ, ಚಾಸಿ ಪಟ್ಟಿ ಎಂದು ಕರೆಯುವ ಪಟ್ಟಿಗಳ ಅಡಿಗೆ ಇಡುವುದು ವಾಡಿಕೆ, ಅವು ತಟ್ಟಿದಾಗ ಖಣಿ ಎಂದಿದ್ದರೆ. ಮುಂದಿನ ಸುರುಳಿ ಸ್ಪ್ರಿಂಗ್ ಕೂರುವ ಬಟ್ಟಲಿನ ಅಡಿಗೂ ಇಡಬಹುದು. ಆದರೆ ಮುಂದಿನ ಸಸ್ಪೆನ್ಷನ್ ಬಿಚ್ಚುವ ಕೆಲಸವಿದ್ದರೆ ಅಲ್ಲಿ ಇಡಕೂಡದು, ಅದುಮಿಟ್ಟ ಸುರುಳಿ ಸ್ಪ್ರಿಂಗ್ ಬಂದೂಕಿನ ಗುಂಡಿಗಿಂತ ಕಡಿಮೆಯದಲ್ಲ. ಒಂದು ತುದಿಯನ್ನು ಪೂರ್ತಿ ಎತ್ತಿಬಿಟ್ಟು ಆಮೇಲೆ ಇನ್ನೊಂದನ್ನು ಎತ್ತಿದರೆ ಮೊದಲಿನ ಸ್ಟ್ಯಾಂಡುಗಳು ವಾಲುತ್ತವೆ. ಆದ್ದರಿಂದ ಎರಡು ಮೂರು ಹಂತಗಳಲ್ಲಿ, ಮುಂದೊಂದಿಷ್ಟು ಹಿಂದೊಂದಿಷ್ಟು, ಏರಿಸಬೇಕು. ಅತಿಯಾದ ಎತ್ತರದ ಆಸೆಯೂ ಬೇಡ. ಈ ಕಾರಿನ ಗೇರ್‌ಬಾಕ್ಸ್ ಕೆಳಗಿನಿಂದ ಇಳಿಯುವುದಿಲ್ಲ, ಎಂಜಿನ್ನಿನ ಜೊತೆ ಬಾನೆಟ್ ಕಡೆಯಿಂದ ಮೇಲೆ ಬರುತ್ತದೆ. ಅಂಗಾತ ಮಲಗಿ ಮೊಣಕೈ ಮಡಿಸುವಷ್ಟು ಜಾಗ ಸಿಕ್ಕರೆ ಸಾಕು.

ನಾನು ಇದನ್ನೆಲ್ಲ ಕಲಿತದ್ದು ಕ್ರಮವಾಗಿ ಅಲ್ಲ. ಇಂಗ್ಲೆಂಡಿನ ಮಧ್ಯಭಾಗದ ಊರೊಂದರಲ್ಲಿ ಕೊಂಡ ನನ್ನ 1972ರ ಎಂಜಿಬಿಗೆ, ಸಿಲ್ ಹೊಸದಾಗಿ ಹಾಕಿಸಿದೆ ಎಂಬ ಮಾರಿದವರ ಮಾತು ನಂಬಿ, ಮೊದಲ ವಾರವೇ ಎಡಗಡೆಯ ಸಿಲ್‌ನ ಬುಡಕ್ಕೆ ಮರದ ತುಂಡಿಟ್ಟು ಜಾಕು ಕೊಟ್ಟೆ. ಯಾರೋ ಹೇಳಿದ್ದರೆಂದು ಬಾಗಿಲಿನ ಹಿಂದಿನ ಸಂದಿನಲ್ಲಿ, ಮೇಲ್ತುದಿಯಲ್ಲಿ, ನಾಲ್ಕು ಮಿಲಿಮೀಟರಿನ ಡ್ರಿಲ್ ಬಿಟ್ಟೊಂದನ್ನು ಸಿಕ್ಕಿಸಿಟ್ಟಿದ್ದೆ. ಅದು ಬಿಗಿಯಾಗಿಯೇ ಕೂತಿತ್ತು. ಹಿಡಿಯನ್ನು ಆರೇಳು ಸಲ ಒತ್ತಿದೆ. ಗಾಲಿ ಇನ್ನೂ ನೆಲ ಬಿಟ್ಟಿರಲಿಲ್ಲ. ಅಡಿಯಿಂದ ಹಪ್ಪಳ ಮುರಿದಂಥ ಸದ್ದು ಬಂತು, ಅದರ ಹಿಂದೆಯೇ ಡ್ರಿಲ್ ಬಿಟ್ಟು ಕಾಂಕ್ರೀಟಿನ ಮೇಲೆ ಟಣ್ಣೆಂದು ಬಿತ್ತು. ಬಗ್ಗಿ ನೋಡಿದರೆ ಮರದ ತುಂಡು ಕ್ಯಾಸಲ್ ರೈಲಿನೊಳಗೆ ಬೆರಳಗಲ ಹೂತಿತ್ತು. ನಡುವನ್ನು ಮೇಲಕ್ಕೆ ಒತ್ತಿದಾಗ ಎರಡು ತುದಿಗಳ ಭಾರ ಕೆಳಗೆಳೆದು, ಬಾಗಿಲಿನ ಕಂಡಿಯ ಮೇಲ್ಭಾಗ ಅಗಲವಾಗಿತ್ತು; ಗಟ್ಟಿಯಾದ ಕಾರಿನಲ್ಲಿ ಆ ಸಂದು ಕದಲಬಾರದಿತ್ತು. ನಿಧಾನವಾಗಿ ಇಳಿಸಿ, ಮುಂದಿನ ವಾರ ಹೊರ ತಗಡು ಕತ್ತರಿಸಿದಾಗ ಸಿಲ್‌ನ ಮೇಲೆ ಸಿಲ್, ಅದರ ಒಳಗೆ ಮುಷ್ಟಿ ಮುಷ್ಟಿ ಕೆಂಪು ಪುಡಿ.

ಎತ್ತಿದ ಮೇಲೆ ಒಳಗೆ ಹೋಗುವ ಮುನ್ನ ಕಾರನ್ನು ಬದಿಯಿಂದ ಭುಜ ಕೊಟ್ಟು ಗಟ್ಟಿಯಾಗಿ ಅಲ್ಲಾಡಿಸಬೇಕು. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಗಾಲಿಗಳನ್ನು ಸಿಲ್‌ನ ಅಡಿಗೆ ಮಲಗಿಸಿದರೆ ಅದು ಕೊನೆಯ ಆಸರೆ. ಮನೆಯಲ್ಲಿ ಯಾರಾದರೂ ಇರುವಾಗಲೇ ಕೆಲಸ ಮಾಡುವುದು, ಮೊಬೈಲನ್ನು ಮೇಜಿನ ಮೇಲೆ ಬಿಡದೆ ಕೈಗೆಟಕುವಂತೆ ನೆಲದ ಮೇಲಿಡುವುದು, ಇವೂ ಕೆಲಸದ ಭಾಗವೇ. ಹಿಡಿದು ಕೂತ ಬೋಲ್ಟಿಗೆ ಉದ್ದನೆಯ ಪಾನ ಹಾಕಿ ಜಗ್ಗುವಾಗ ಆ ಬಲವಷ್ಟೂ ಕಾರನ್ನು ಅಡ್ಡಕ್ಕೆ ಎಳೆಯುತ್ತದೆ. ಅಂಥ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟು, ಸಾಧ್ಯವಾದವನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಬೇಕು.

ಗಾಲಿಯ ವಿಷಯವೂ ಹಾಗೆಯೇ. ಕಡ್ಡಿಗಳಿರುವ ವೈರ್ ವೀಲ್ ಕಾರುಗಳಲ್ಲಿ ಗಾಲಿಯನ್ನು ಹಿಡಿದಿರುವುದು ನಡುವಿನ ಒಂದೇ ರೆಕ್ಕೆನಟ್ಟು. ಎಡಬದಿಯದಕ್ಕೆ ಬಲಗೈ ಮರೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಸುತ್ತು; ಬಲಬದಿಯದಕ್ಕೆ ಎಡಗೈ ಮರೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು. ಅಡ್ಡಾದಿಡ್ಡಿ ಹೊಡೆದು ಇನ್ನಷ್ಟು ಬಿಗಿ ಮಾಡಿಕೊಂಡವರು ಬಹಳ. ಮೇಲಿರುವ ಕಿವಿಗೆ ಕಾರಿನ ಮುಂದಿನ ದಿಕ್ಕಿಗೆ ಹೊಡೆದರೆ ಎರಡೂ ಬದಿಯಲ್ಲಿ ಸಡಿಲವಾಗುತ್ತದೆ, ಹಿಂದಿನ ದಿಕ್ಕಿಗೆ ಹೊಡೆದರೆ ಬಿಗಿಯಾಗುತ್ತದೆ ಎಂದು ನೆನಪಿಟ್ಟರೆ ಗೊಂದಲವಿಲ್ಲ. ಸುತ್ತಿಗೆ ತಾಮ್ರದ್ದಾಗಿರಲಿ.

ಬ್ಯಾಟರಿ ಬಿಚ್ಚುವಾಗ ಋಣ ತಂತಿ ಮೊದಲು ಎಂಬ ಪಾಠ ಎಲ್ಲರಿಗೂ ಬಾಯಿಪಾಠ. 1967ರವರೆಗಿನ ಎಂಜಿಬಿಗಳಲ್ಲಿ ಅದು ತಪ್ಪು, ಏಕೆಂದರೆ ಅವುಗಳಲ್ಲಿ ಕಾರಿನ ಮೈಗೆ ಜೋಡಿಸಿರುವುದು ಧನ ತುದಿ. ಮೈಗೆ ಹೋಗುವ ತಂತಿ ಯಾವುದೋ ಅದನ್ನು ಮೊದಲು ಬಿಚ್ಚಬೇಕು ಎಂಬುದೇ ಸರಿಯಾದ ಪಾಠ. ಪೆಟ್ರೋಲ್ ಕೊಳವೆಯೂ ಬ್ಯಾಟರಿಯಿಂದ ಮುಂದಕ್ಕೆ ಬರುವ ದಪ್ಪ ತಂತಿಯೂ ನೆಲದ ಅಡಿಯಲ್ಲೇ ಹರಿದಿವೆ. ಬೆಸುಗೆಯ ಕೆಲಸವಿದ್ದರೆ ಅವನ್ನು ತೆಗೆದೇ ಮಾಡಬೇಕು. ತುಕ್ಕಿಗೆಂದು ಬಳಿದ ಟಾರಿನಂಥ ಲೇಪ ಬೆಂಕಿ ಹಿಡಿದರೆ ಉರಿಯುತ್ತಾ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಹಳೆಯ ಬ್ರೇಕ್ ಮತ್ತು ಕ್ಲಚ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿದೆ, ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದಲಾಗಲಿ ಕಂಪ್ರೆಸರಿನಿಂದಲಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಗ್ಯಾರೇಜಿನಲ್ಲಿ ಮಾಡಿಸುವವರಿಗೆ: ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ತನ್ನ ಗಾಲಿಗಳ ಮೇಲೆಯೇ ನಿಲ್ಲುವುದರಿಂದ ಮೊದಲ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡು ಕಂಬದ ಲಿಫ್ಟಿನ ತೋಳುಗಳನ್ನು ಹೊಸ ಕಾರಿನ ರೂಢಿಯಂತೆ ಸಿಲ್‌ನ ಅಡಿಗೆ ಕೊಡುತ್ತಾರೆ; ಹಳೆಯ ಕಾರು ಒಪ್ಪಿಸುವಾಗ ಆ ಜಾಗ ತೋರಿಸಿ ಹೇಳಿಯೇ ಬರಬೇಕು. ನಮ್ಮ ಊರುಗಳ ಹಳೆಯ ಗ್ಯಾರೇಜುಗಳಲ್ಲಿ ನೆಲ ಅಗೆದು ಕಟ್ಟಿದ ಪಿಟ್ ಇರುತ್ತದೆ. ಎತ್ತುವ ಅಪಾಯ ಅಲ್ಲಿಲ್ಲ, ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಗುಂಡಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಒಂದು ಕಿಡಿ ಸಾಕು.

ಬೇರೆ ಕಾರುಗಳಲ್ಲಿ ಜಾಗ ಬದಲಾಗುತ್ತದೆ, ವಿಚಾರ ಬದಲಾಗುವುದಿಲ್ಲ. 1962ರಲ್ಲೇ ಬಂದ ಲೋಟಸ್ ಎಲಾನ್ ಕಾರಿನ ಮೈ ಫೈಬರ್‌ಗ್ಲಾಸಿನದು, ಭಾರ ಹೊರುವುದು ನಡುವಿನ ಉಕ್ಕಿನ ಬೆನ್ನೆಲುಬು; ಅದರ ಅಂಚಿಗೆ ಜಾಕು ಕೊಟ್ಟರೆ ಮೊಟ್ಟೆಯ ಚಿಪ್ಪಿಗೆ ಕೊಟ್ಟಂತೆ. 1961ರ ಜಾಗ್ವಾರ್ ಇ-ಟೈಪಿನ ಮುಂಭಾಗ ತೆಳು ಉಕ್ಕಿನ ಕೊಳವೆಗಳ ಪಂಜರ, ಕೊಳವೆಯ ನಡುವಿಗೆ ಭಾರ ಬಿದ್ದರೆ ಅದು ಬಾಗುತ್ತದೆ. ಹಳೆಯ ಪೋರ್ಷೆ 911ರಲ್ಲಿ ಒಂದು ಬದಿಯನ್ನಿಡೀ ಎತ್ತುವ ಜಾಕಿನ ಕಿಂಡಿ ಸಿಲ್‌ನ ನಡುವೆಯೇ ಇದೆ, ಮತ್ತು ಎಂಜಿಬಿಯ ಪಾಡೇ ಅದರದ್ದೂ.

ಸಿಲ್ ಬದಲಾಯಿಸುವುದು ಎಂಜಿಬಿಯ ಅಡಿಭಾಗದ ಕೆಲಸಗಳಲ್ಲಿ ದೊಡ್ಡದು. ಕತ್ತರಿಸುವ ಮುನ್ನ ಬಾಗಿಲಿನ ಕಂಡಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿ ಬೆಸೆದು, ಸಂದು ಸರಿಯಾಗಿರುವ ಸ್ಥಿತಿಯಲ್ಲೇ ದೇಹವನ್ನು ಬಂಧಿಸಬೇಕು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಗೆ ಕೈ ಹಚ್ಚಬಾರದು. ಜಗ್ಗಿದ ಸ್ಥಿತಿಯಲ್ಲಿ ಹೊಸ ತಗಡು ಬೆಸೆದರೆ ಆ ಜಗ್ಗು ಶಾಶ್ವತವಾಗುತ್ತದೆ. ತುಕ್ಕು ಎಲ್ಲೆಡೆ ಹಬ್ಬಿದ್ದರೆ, 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಮೂಲ ಅಚ್ಚುಗಳನ್ನು ಬಳಸಿ ಎಂಜಿಬಿಯ ಇಡೀ ದೇಹವನ್ನೇ ಹೊಸದಾಗಿ ಮಾಡಿ ಮಾರುತ್ತಿದೆ. ಹಾಗೆ ಮಾಡುವುದೇ ಅಗ್ಗವೆನಿಸುವ ಕಾರುಗಳೂ ಇವೆ.

ಕೆಲಸ ಮುಗಿದು ಕಾರನ್ನು ಇಳಿಸುವಾಗ, ಏರಿಸಿದ ಕ್ರಮವನ್ನೇ ಹಿಮ್ಮುಖವಾಗಿ ಅನುಸರಿಸಬೇಕು. ಜಾಕಿನ ಕವಾ‌ಟವನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ನೆಲ ಮುಟ್ಟಿದ ಕಾರು ಒಡನೆಯೇ ತನ್ನ ಎತ್ತರಕ್ಕೆ ಬಂದಿರುವುದಿಲ್ಲ, ಗಾಲಿಗಳು ಓರೆಯಾಗಿ ಕಚ್ಚಿಕೊಂಡಿರುತ್ತವೆ. ಎರಡು ಮೂರು ಗಜ ಹಿಂದೆ ಮುಂದೆ ಉರುಳಿಸಿ, ಬಂಪರನ್ನು ಒತ್ತಿ ಬಿಟ್ಟ ಮೇಲೆ ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರುತ್ತದೆ. ಆಗ ಮತ್ತೊಮ್ಮೆ ಸಂದು ನೋಡಬೇಕು. ಎರಡು ಚಳಿಗಾಲ ಕಳೆದು ನನ್ನ ಕಾರಿನ ಎರಡೂ ಸಿಲ್ ಮುಗಿದ ದಿನ, ಅದೇ ನಾಲ್ಕು ಮಿಲಿಮೀಟರಿನ ಡ್ರಿಲ್ ಬಿಟ್ಟನ್ನು ಅದೇ ಸಂದಿಗೆ ಸಿಕ್ಕಿಸಿ, ಮುಂಭಾಗ ಎತ್ತಿದೆ, ಇಳಿಸಿದೆ, ಹಿಂಭಾಗ ಎತ್ತಿದೆ, ಇಳಿಸಿದೆ. ಅದನ್ನು ಹೊರತೆಗೆಯಲು ಕೊನೆಗೆ ಬಾಗಿಲನ್ನೇ ತೆರೆಯಬೇಕಾಯಿತು.